ಫೋನೋ ಎಂದರೆ ಫೋನ್ ಅಲ್ಲ

ಮಿತ್ರರೇ, ನಲವತ್ತು ವರ್ಷಗಳಿಂದ ನನ್ನೊಡನಿರುವ ಸ್ಟೀರಿಯೋವನ್ನು ನಮ್ಮ ಅಳಿಯಂದಿರು ಇಂದು ಬೆಳಿಗ್ಗೆ ಗುಜರಿಗೆ ಸೇರಿಸಲು ಹೊರಟಿದ್ದರು.

ಮೊರಬದಿಂದ ಬಂದಿದ್ದ ಅವರು, ಮೊಮ್ಮಗಳು ಹಾಡಿದ ವಚನವನ್ನು ಅದರಲ್ಲಿ ಕೇಳಿಸುವೆನೆಂದು ತಮ್ಮ ಮೊಬೈಲ್ ಫೋನಿನಿಂದ ಅದರ ಬೆನ್ನಿಗೆ ತಂತಿ ಜೋಡಿಸಿದರು. ಕೂಸಿನ ದನಿಯ ಬದಲು ಹಿಟ್ಟಿನ ಗಿರಣಿಯ ಸದ್ದು ಹೊರಬಿತ್ತು.

"ಮಾವಾರ, ಇದರ ಕಥಿ ಮುಗದೈತ್ರಿ. ಗುಜರಿಗೆ ಹಾಕ್ರಿ, ಹೊಸಾದು ತರೂಣು."

"ತಂತಿಯನ್ನು ಎಲ್ಲಿ ಸಿಕ್ಕಿಸಿದಿರಿ?" ಎಂದೆ.

"ಫೋನ್ ಅಂತ ಬರದಾರಲ್ರಿ, ಅಲ್ಲೇ ಹಾಕೇನಿ."

ಭೂತಗನ್ನಡಿ ಹಿಡಿದು ನೋಡಿದೆ. ಇಂಗ್ಲಿಷಿನಲ್ಲಿ 'ಫೋನೋ' ಎಂದಿತ್ತು. ಅದು ಹಾಡಿನ ತಟ್ಟೆ ತಿರುಗಿಸುವ ಯಂತ್ರದ ಜಾಗ. ಅಲ್ಲಿಗೆ ಬರುವ ಕ್ಷೀಣ ದನಿಯನ್ನು ಸ್ಟೀರಿಯೋ ಹಲವು ಪಟ್ಟು ಹಿಗ್ಗಿಸುತ್ತದೆ. ಗಟ್ಟಿದನಿಯ ಫೋನನ್ನು ಅಲ್ಲಿ ಸಿಕ್ಕಿಸಿದರೆ ಹಾಡು ಒಡೆಯದೆ ಇನ್ನೇನಾದೀತು?

"ಕೊನೆಯಲ್ಲೊಂದು ಓಕಾರವಿದೆ, ಓದಿರಿ."

"ಒಂದ್ ಅಕ್ಷರಕ್ಕ ಏನಾಕ್ಕೈತ್ರಿ ಮಾವಾರ?"

ತಂತಿಯನ್ನು ಪಕ್ಕದ ರಂಧ್ರಗಳಿಗೆ ಬದಲಿಸಿದೆ. ಮೊಮ್ಮಗಳು ತಿಳಿನೀರಿನಂತೆ ಹಾಡಿದಳು. ಅಳಿಯಂದಿರು ಬೆರಗಾಗಿ ನಿಂತಿದ್ದಾಗಲೇ ಆ ಪದವನ್ನು ಓಕಾರಸಹಿತ ಅವರಿಂದ ಮೂರು ಸಲ ಗಟ್ಟಿಯಾಗಿ ಓದಿಸಿದೆ.

ನನ್ನ ಹೆಂಡತಿ ಅಡುಗೆಮನೆಗೆ ಕರೆದು ಗದರಿದಳು: "ಮನಿಗೆ ಬಂದ ಅಳಿಯಗ ಯಾರರ ಅಕ್ಷರ ಕಲಸ್ತಾರೇನ್ರಿ? ಊರಾಗ ಮಂದಿ ನಗತಾರ!"

ಕಲಿಸುತ್ತಾರೆ. ನಗುವವರು ಈ ಬರಹದ ಕೆಳಗೇ ನಗಬಹುದು, ಆದರೆ ತಪ್ಪಿಲ್ಲದೆ ಬರೆದು ನಗಲಿ. ಅಳಿಯಂದಿರಿಗೆ ಹೋಳಿಗೆಯ ಮೇಲೆ ಎಷ್ಟು ತುಪ್ಪ ಬೇಕಾದರೂ ಸುರಿಯುತ್ತೇನೆ. ಕಾಗುಣಿತದಲ್ಲಿ ಮಾತ್ರ ಅಳಿಯನೆಂಬ ಸಡಿಲಿಕೆ ನಮ್ಮ ಮನೆಯಲ್ಲಿಲ್ಲ.