ಇದರಲ್ಲಿ ಐರ್ಲೆಂಡ್ ಎಲ್ಲಿದೆ?

ಮೊನ್ನೆ ಕಿಟಕಿಯ ಗಾಜು ಒರೆಸಲೆಂದು ಹೊಸ ಬಾಟಲಿಯ ಮುಚ್ಚಳ ತೆಗೆದೆ. ಅಮೋನಿಯಾದ ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಅಮೆರಿಕದ ಡೆಟ್ರಾಯಿಟ್ ಹತ್ತಿರದ ಲಿವೋನಿಯಾದಲ್ಲಿದ್ದ ನಮ್ಮ ಆಫೀಸಿನಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರದಿಂದ ಇದೇ ವಾಸನೆ ಬರುತ್ತಿತ್ತು. ಅದರ ಬೆನ್ನಿಗೇ ಆಗ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು. ಅವರು ನೆನಪಾದಾಗಲೆಲ್ಲ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಿಂದ ಬಂದ ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದೆ. ಆಂಟಿ ಐರ್ಲೆಂಡಿನವರು, ಅರವತ್ತು ದಾಟಿದವರು. ನಮ್ಮ ಬೀದಿಯ ಮನೆಗಳ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದರು. ಅವರ ಗಂಡ ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರಗಳ ಸದ್ದಿನ ನಡುವೆ ದುಡಿದು ಕಿವಿ ಕಳೆದುಕೊಂಡಿದ್ದರು. ಕೊನೆಕೊನೆಗೆ ಹೆಂಡತಿ ನುಡಿಸುವಾಗ ಪಿಯಾನೋದ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರಂತೆ... ನಾವು ಆ ಬೀದಿಗೆ ಬರುವ ಮೊದಲೇ ಅವರು ತೀರಿಕೊಂಡಿದ್ದರು.

ಆ ಗಂಡನಿಗಾಗಿ ಆಂಟಿ ಇಡೀ ಆರ್ಕೆಸ್ಟ್ರಾ ನುಡಿಸುವಂಥ ದೊಡ್ಡ ಕೃತಿಯೊಂದನ್ನು ಬರೆದರು. ಕಾರ್ಖಾನೆಯ ಸದ್ದೇ ಅದರ ತಾಳ. ಒಂದೊಂದು ವಾದ್ಯದವರಿಗೂ ಪ್ರತಿ ಬೇಕಿತ್ತು. ಪಾರದರ್ಶಕ ಕಾಗದದ ಮೇಲೆ ಕಪ್ಪು ಇಂಕಿನಲ್ಲಿ ಬರೆದಿದ್ದರಿಂದ ನಮ್ಮ ನಕ್ಷೆಯ ಯಂತ್ರದಲ್ಲೇ ಪ್ರತಿ ತೆಗೆಯಬಹುದಿತ್ತು. ಬಾಸ್‌ನ ಒಪ್ಪಿಗೆ ಕೇಳಿ ನಾನೇ ತೆಗೆದುಕೊಟ್ಟೆ. ಅದರ ಒಂದು ಸ್ವರವನ್ನೂ ಓದಲು ನನಗೆ ಬರುತ್ತಿರಲಿಲ್ಲ.

ಶಿಕಾಗೊದಲ್ಲಿ ಒಂದು ಟ್ರಸ್ಟ್ ಇತ್ತು. ಬ್ರಿಟನ್ ಮತ್ತು ಐರ್ಲೆಂಡಿನ ಕಂಪೋಸರ್‌ಗಳ ಸಂಗೀತವನ್ನು ಅಮೆರಿಕದಲ್ಲಿ ನುಡಿಸಲು ಗ್ರಾಂಟ್ ಕೊಡುತ್ತಿತ್ತು. ಆಂಟಿ ಅಪ್ಲೈ ಮಾಡಿದರು. ಆ ಚಳಿಗಾಲದಲ್ಲಿ, ಬಂದು ಮಾತಾಡಿ ಎಂದು ಕರೆ ಬಂತು.

“ಈ ಸ್ನೋನಲ್ಲಿ ಬಸ್ಸಲ್ಲಿ ಹೋಗ್ತಾರಂತೆ. ನೀವೇ ಡ್ರೈವ್ ಮಾಡ್ಕೊಂಡು ಕರ್ಕೊಂಡ್ ಹೋಗ್ರಿ” ಎಂದಳು ನನ್ನ ಹೆಂಡತಿ.

ಹೋದೆವು. ಉದ್ದನೆಯ ಮೇಜಿನ ಸುತ್ತ ಕಮಿಟಿಯವರು ಕೂತಿದ್ದರು. ಒಬ್ಬಾತ ನನ್ನನ್ನು ನೋಡಿ, ಸಿತಾರ್ ನುಡಿಸುತ್ತೀರಾ ಎಂದು ಕೇಳಿದ. ಇಲ್ಲ, ಬ್ರೇಕ್ ಡಿಸೈನ್ ಮಾಡುತ್ತೇನೆ ಎಂದೆ. ಅಧ್ಯಕ್ಷರು ಹಾಳೆಗಳನ್ನು ಮಗುಚಿ ನೋಡಿದರು.

“ಬರವಣಿಗೆ ಚೆನ್ನಾಗಿದೆ ಮೇಡಂ. ಆದರೆ ಇದರಲ್ಲಿ ಐರ್ಲೆಂಡ್ ಎಲ್ಲಿದೆ? ಆ ಕಾರ್ಖಾನೆಯ ಭಾಗ ತೆಗೆದು, ನಿಮ್ಮೂರಿನ ಒಂದೆರಡು ಹಳೇ ಧಾಟಿ ಸೇರಿಸಿ. ಆಗ ನಮಗೂ ಕೊಡೋದು ಸುಲಭ.”

ಆಂಟಿ ದನಿ ಏರಿಸಲಿಲ್ಲ. “ಆ ಕಾರ್ಖಾನೇಲಿ ಕಿವಿ ಕಳಕೊಂಡವನು ಐರ್ಲೆಂಡಿನವನೇ. ಅವನನ್ನ ತೆಗೆದುಬಿಟ್ಟರೆ ಇದರಲ್ಲಿ ಏನೂ ಉಳಿಯೋದಿಲ್ಲ” ಎಂದರು. ಹಾಳೆಗಳನ್ನು ತಾವೇ ಒಟ್ಟುಮಾಡಿಕೊಂಡರು. ಯಾರೂ ಏಳಲಿಲ್ಲ. ಒಬ್ಬ ಗಡಿಯಾರ ನೋಡಿಕೊಂಡ.

ವಾಪಸು ಬರುವಾಗ ನಾನು ಅವರನ್ನೆಲ್ಲ ಇಂಗ್ಲಿಷಿನಲ್ಲಿ ಬೈದೆ, ಅದು ಸಾಲದೆ ಕನ್ನಡಕ್ಕಿಳಿದೆ. ಆಂಟಿ ನಕ್ಕರು. “ಆ ಭಾಷೇಲೇ ಬೈಯಿ, ಅದು ಚೆನ್ನಾಗಿದೆ” ಎಂದರು. ದಾರಿಯಲ್ಲಿ ಕಾಲಮಜೂ ಎಂಬ ಊರು ದಾಟಿದ ಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಮನೆ ಬರುವವರೆಗೂ ಈ ಕಡೆ ತಿರುಗಲಿಲ್ಲ...

ಅವರು ಒಂದು ಸ್ವರವನ್ನೂ ಬದಲಿಸಲಿಲ್ಲ. ಯಾವ ಆರ್ಕೆಸ್ಟ್ರಾವೂ ನುಡಿಸಲಿಲ್ಲ. ಕೆಲವು ವರ್ಷಗಳಲ್ಲಿ ಆಂಟಿಯೂ ಹೋದರು.

ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅದೇ ಟ್ರಸ್ಟ್ ಶಿಕಾಗೊದಲ್ಲಿ ಅವರ ನೆನಪಿಗೆಂದು ಒಂದು ಸಂಜೆ ಏರ್ಪಡಿಸಿತು. ಹೆಂಡತಿಯೂ ನಾನೂ ಹೋದೆವು. ನುಡಿಸಿದ್ದು ಏನನ್ನು? ಪುಟ್ಟ ಬೆರಳುಗಳಿಗೆ ಅಭ್ಯಾಸವಾಗಲಿ ಎಂದು ಆಂಟಿ ಬರೆದಿದ್ದ ಒಂದು ಜೋಗುಳವನ್ನು. ಅವರೂರಿನ ಹಳೇ ಧಾಟಿ, ಮೂರು ನಿಮಿಷವೂ ಇಲ್ಲ. ಅದೇ ಅಧ್ಯಕ್ಷರು ಎದ್ದು, ಆಕೆ ನಮ್ಮ ಮಣ್ಣಿನ ದನಿ, ಈ ಕಾರ್ಯಕ್ರಮಕ್ಕೆ ಗ್ರಾಂಟ್ ಕೊಟ್ಟಿದ್ದು ನಮ್ಮ ಹೆಮ್ಮೆ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. “ಬದುಕಿದ್ದಾಗ ಯಾಕೆ ಕೊಡಲಿಲ್ಲ? ಆ ದೊಡ್ಡ ಕೃತಿಯನ್ನು ಇವತ್ತಾದರೂ ಯಾಕೆ ನುಡಿಸಲಿಲ್ಲ?” ಎಂದು ಕೇಳಿದೆ.

“ಅದಕ್ಕೆ ಇದು ಸಮಯವಲ್ಲ” ಎಂದು ಅಧ್ಯಕ್ಷರು ಮುಗುಳ್ನಕ್ಕರು.

ನಾನು ನಾಲ್ಕು ಜನರ ಮುಂದೆ ದನಿ ಎತ್ತಿದರೆ ಕೋಟು ಹಿಡಿದು ಕೂರಿಸುವ ಹೆಂಡತಿ ಅವತ್ತು ತಾನೂ ಎದ್ದಳು. “ಇನ್ನೊಂದ್ಸಲ ಕೇಳ್ರಿ” ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. ಇನ್ನೊಮ್ಮೆ ಕೇಳಿದೆ. ಟ್ರಸ್ಟಿನವರು ಕಾಫಿ ಕೊಡಲು ಶುರು ಮಾಡಿದರು.

ಆ ಕೃತಿಯ ಪ್ರತಿಗಳನ್ನು ಹೊತ್ತು ನಾನು ಆರ್ಕೆಸ್ಟ್ರಾ ನಡೆಸುವ ಎಷ್ಟೋ ಕಂಡಕ್ಟರ್‌ಗಳ ಬಾಗಿಲು ತಟ್ಟಿದೆ. ನೋಡುತ್ತೇವೆ ಎಂದರು, ಮರ್ಯಾದೆಯಿಂದ ವಾಪಸು ಕೊಟ್ಟರು. ಆ ಮೇಜಿನ ಸುತ್ತ ಕೂತಿದ್ದವರಲ್ಲಿ ಈಗ ಯಾರೂ ಉಳಿದಿಲ್ಲ. “ಲೆಟ್ ಇಟ್ ಗೋ, ಅಪ್ಪಾ” ಅನ್ನುತ್ತಾಳೆ ಮಗಳು. ಬಿಡಲು ಆಗುವುದಿಲ್ಲ. ಆ ಕೃತಿ ಹೇಗೆ ಕೇಳಿಸುತ್ತದೆ ಎಂದು ಗೊತ್ತಿದ್ದವರು ಆಂಟಿ ಒಬ್ಬರೇ. ಅವರನ್ನೇ ಕಳೆದುಕೊಂಡಿದ್ದೇವೆ.