ಅಕ್ಕನ ಭುಜ ಜಾಗ ಬಿಟ್ಟ ದಿನ

ನಾನು ಚಿಕ್ಕವನಿದ್ದಾಗ ಸೀಸಕಡ್ಡಿಯಿಂದ ತೆಗೆದ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಕೈ ಎತ್ತುತ್ತಿರಲಿಲ್ಲ. ಎಲ್ಲರೂ ಕೈಗಳನ್ನು ಮೈಗೆ ಅಂಟಿಸಿಕೊಂಡು, ಕವಾಯತಿಗೆ ನಿಂತ ಹುಡುಗರ ಹಾಗೆ ನೆಟ್ಟಗೆ ನಿಂತಿರುತ್ತಿದ್ದರು. ಬೇವಿನ ಮರ, ಎಮ್ಮೆ, ಕೋಟೆಯ ಬುರುಜು ಎಲ್ಲ ಚೆನ್ನಾಗಿ ಬರುತ್ತಿದ್ದವು. ಮನುಷ್ಯರು ಮಾತ್ರ ಹತ್ತಿ ತುಂಬಿದ ಗೊಂಬೆಗಳಂತೆ ಬರುತ್ತಿದ್ದರು.

ನಮ್ಮ ಊರು ಬಸವಕಲ್ಯಾಣ. ನಾವು ಬರೀ ಕಲ್ಯಾಣ ಅನ್ನುತ್ತಿದ್ದೆವು. ಅಲ್ಲಿಯ ಶಾಲೆಯ ಡ್ರಾಯಿಂಗ್ ಮಾಸ್ತರು ಒಂದು ಶನಿವಾರ ನನ್ನ ವಹಿಯಲ್ಲಿ ಕೆಂಪು ಶಾಯಿಯಿಂದ ‘ಎಲುಬು ಎಲ್ಲಿ?’ ಎಂದು ಬರೆದರು. ಆಮೇಲೆ ನನ್ನನ್ನು ಹತ್ತಿರ ಕರೆದು, “ಕ್ಯಾಲೆಂಡರ್ ನೋಡಿ ತೆಗೀಬ್ಯಾಡ. ಮನ್ಯಾಗ ಜೀವ ಇದ್ದ ಮನುಷ್ಯಾರು ಇಲ್ಲೇನು? ಅವರನ್ನ ನೋಡಿ ಒಂದು ಚಿತ್ರ ಸೋಮವಾರ ತಗೊಂಡು ಬಾ” ಅಂದರು.

ಮರುದಿನ ಬೆಳಿಗ್ಗೆ ಅಕ್ಕನನ್ನು ಹಿಡಿದೆ. ಆಕೆಗೆ ಆಗ ಹದಿನಾಲ್ಕು ವರ್ಷ, ನನಗೆ ಹನ್ನೊಂದು. ನೀರು ಹೊತ್ತ ಹೆಂಗಸಿನ ಚಿತ್ರ ತೆಗೆಯುವುದೆಂದು ನಿಶ್ಚಯಿಸಿದ್ದೆ. ಹಿತ್ತಲಿನ ನೆಲದ ಮೇಲೆ ನಿಲ್ಲಿಸಿದರೆ ಹಿಂದಿನ ಕಟ್ಟಿಗೆಯ ರಾಶಿಯಲ್ಲಿ ಆಕೆಯ ಕಾಲು ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸಿದೆ. ತಲೆಯ ಮೇಲೆ ಖಾಲಿ ಹಿತ್ತಾಳೆ ಕೊಡ, ಅದನ್ನು ಹಿಡಿಯಲು ಮೇಲೆತ್ತಿದ ಬಲಗೈ, ಒಂದು ಕಾಲು ಮುಂದೆ. ನಾನು ಎದುರಿಗೆ ಕೂತು ಸೀಸಕಡ್ಡಿ ಚೂಪು ಮಾಡಿಕೊಂಡೆ.

ಅಕ್ಕ ಬಹಳ ಹೊತ್ತು ಅಲುಗದೆ ನಿಂತಳು. ಒಳಗಿನಿಂದ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಿಸಿಲು ಏರಿ ಕೊಡದ ಮೇಲೆ ಹೊಳೆಯತೊಡಗಿತು.

“ಕಾಲು ಜುಮ್ ಅನ್ನಾಕತ್ತದೋ. ಇಳೀಲೇನು?” ಅಂದಳು ಅಕ್ಕ.

“ಇನ್ನ ಸ್ವಲ್ಪ ನಿಂದ್ರು. ಕೈ ಒಂದೇ ಉಳದದ,” ಅಂದೆ.

ಸ್ವಲ್ಪ ಹೊತ್ತಿನ ಮೇಲೆ ಆಕೆ ಮತ್ತೆ ಕೇಳಿದಳು. ಈ ಸಲ ನಾನು ಉತ್ತರವನ್ನೇ ಕೊಡಲಿಲ್ಲ. ಮೊದಲ ಬಾರಿಗೆ ಒಂದು ಎತ್ತಿದ ಕೈ ನನ್ನ ಹಾಳೆಯ ಮೇಲೆ ಬರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ, ಅಕ್ಕನನ್ನು ನೋಡುತ್ತಿರಲಿಲ್ಲ. ಕೊಡ ಉರುಳಿದ ಸಪ್ಪಳಕ್ಕೆ ತಲೆ ಎತ್ತಿದಾಗ ಅಕ್ಕ ನೆಲದ ಮೇಲಿದ್ದಳು.

ಎತ್ತಿದ ಕೈ ಹಾಗೇ ನೀರಿನ ತೊಟ್ಟಿಯ ಅಂಚಿಗೆ ಬಡಿದಿತ್ತು. ಈಗ ಅದು ಮೈಯಿಂದ ದೂರ ಸರಿದು ನಿಂತಿತ್ತು, ಕೆಳಗಿಳಿಸಲು ಆಗುತ್ತಿರಲಿಲ್ಲ. ದುಂಡಗಿರಬೇಕಾದ ಭುಜ ಚಪ್ಪಟೆಯಾಗಿ, ನಾದಿದ ಹಿಟ್ಟನ್ನು ಹೆಬ್ಬೆರಳಿನಿಂದ ಒತ್ತಿದಂತೆ ತಗ್ಗು ಬಿದ್ದಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಏನಾಯಿತೆಂದು ಕೇಳಿದರೆ ಅಕ್ಕ, “ಕಾಲು ಜಾರಿತವ್ವ” ಅಂದಳು. ನನ್ನ ಕಡೆಗೆ ನೋಡಲೂ ಇಲ್ಲ. ನಾನು ವಹಿಯನ್ನು ಅಂಗಿಯೊಳಗೆ ಸೇರಿಸಿಬಿಟ್ಟೆ.

ಅಪ್ಪ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದರು. ಅವತ್ತು ರಾಜೇಶ್ವರದ ಸಂತೆಗೆಂದು ಗಂಟು ಕಟ್ಟಿಟ್ಟಿದ್ದರು. ಅದನ್ನು ಬಾಗಿಲಲ್ಲೇ ಬಿಟ್ಟು, “ಹುಮನಾಬಾದಕ್ಕ ಹೋಗೋಣ, ಪೈಲ್ವಾನ್ ಚಾಚಾನ ಕಡಿ” ಅಂದರು. ಆಗ ನಮ್ಮ ಕಡೆ ಎಲುಬಿನ ಡಾಕ್ಟರು ಇರಲಿಲ್ಲ. ಕುಸ್ತಿ ಹಿಡಿದು ಹಿಡಿದು ಮೈಯೊಳಗಿನ ಕೀಲುಗಳನ್ನೆಲ್ಲ ಬಲ್ಲ ಪೈಲ್ವಾನರೇ ಉಳುಕು ತೆಗೆಯುತ್ತಿದ್ದರು, ಎಲುಬು ಕೂಡಿಸುತ್ತಿದ್ದರು. ತಮ್ಮ ಇನ್ನೂ ಹಾಲು ಕುಡಿಯುವ ಕೂಸು, ಅವ್ವನಿಗೆ ಬರಲಾಗಲಿಲ್ಲ. ಬಸ್ಸಿನಲ್ಲಿ ಅಕ್ಕನ ಇನ್ನೊಂದು ಪಕ್ಕಕ್ಕೆ ಆಸರೆಯಾಗಿ ಕೂರಲು ನನ್ನನ್ನು ಕರೆದುಕೊಂಡರು.

ಆ ಬಸ್ಸಿನ ದಾರಿ ನನಗೆ ಇವತ್ತಿಗೂ ನೆನಪಿದೆ. ಎರಡೂ ಕಡೆ ಹಳದಿ ಹೂ ಬಿಟ್ಟ ತೊಗರಿ ಹೊಲ, ಒಳಗೆ ಡೀಸೆಲ್ಲಿನ ವಾಸನೆ. ಚಕ್ರ ತಗ್ಗಿಗೆ ಇಳಿದಾಗಲೆಲ್ಲ ಅಕ್ಕ ಲಂಗದಾವಣಿಯ ಸೆರಗನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ ನೋಡಿ, “ಬಲಗೈ ಅಲ್ಲೇನ್ರಿ? ಡೊಂಕ ಉಳದ್ರ ಹೆಣ್ಣ ಹುಡುಗಿಗಿ ಬಾಳ ಕಷ್ಟರಿ” ಅಂದಳು. ರಾಜೇಶ್ವರ ಬಂದಾಗ ಸಂತೆಯ ಗದ್ದಲ ಕಿಟಕಿಯವರೆಗೂ ಕೇಳಿತು, ಅಪ್ಪ ಆ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಅಂಗಿಯೊಳಗೆ ವಹಿಯ ಮೂಲೆ ನನ್ನ ಹೊಟ್ಟೆಗೆ ಚುಚ್ಚುತ್ತಿತ್ತು. ಅಕ್ಕನ ಕೈ ಹಾಗೇ ಉಳಿದುಬಿಟ್ಟರೆ, ಆಕೆ ಬರೆಯುವುದು ಹೇಗೆ, ತಲೆ ಬಾಚಿಕೊಳ್ಳುವುದು ಹೇಗೆ ಎಂದೇ ದಾರಿಯುದ್ದಕ್ಕೂ ಯೋಚಿಸಿದೆ.

ಪೈಲ್ವಾನ್ ಚಾಚಾನ ಮನೆ ಗರಡಿಗೆ ಅಂಟಿಕೊಂಡೇ ಇತ್ತು. ಎಣ್ಣೆ, ಅರಿಸಿನ, ಕೆಮ್ಮಣ್ಣು ಮೂರೂ ಕೂಡಿದ ವಾಸನೆ ಬಾಗಿಲಲ್ಲೇ ಎದುರಾಯಿತು. ಅವರ ಗಡ್ಡ ಪೂರಾ ಬೆಳ್ಳಗಾಗಿತ್ತು, ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಮುದುಡಿಕೊಂಡಿದ್ದವು. ಅವರ ಹೆಂಡತಿ ಚಾಚಿ ಅಕ್ಕನನ್ನು ಚಾಪೆಯ ಮೇಲೆ ಕೂರಿಸಿ, ಮೇಲೊಂದು ಚಾದರ ಹೊದಿಸಿ, ಎಡಗೈ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಚಾಚಾ ಎರಡೂ ಭುಜಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು.

“ಹ್ಯಾಂಗ ಬಿದ್ದಿ, ಬೇಟಿ?”

“ಕಾಲು ಜಾರಿತ್ರಿ.”

“ಬೀಳುವಾಗ ಕೈ ಕೆಳಗಿತ್ತೋ, ಮ್ಯಾಲಿತ್ತೋ?”

ಅಕ್ಕ ಚಾಪೆಯ ಕಡೆ ಕಣ್ಣಿಳಿಸಿದಳು. ಚಾಚಾ ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಇದು ತಿಳೀಬೇಕು ನೋಡ್ರಿ. ತಿಳೀದ ಎಳದ್ರ, ನೆಟ್ಟಗಿದ್ದ ಎಲುಬು ಭೀ ಮುರೀತದ.”

ನಾನು ಅಂಗಿಯೊಳಗಿಂದ ವಹಿ ತೆಗೆದೆ. ಆ ಪುಟ ತೆರೆದು ಚಾಚಾನ ಮುಂದೆ ಹಿಡಿದೆ.

“ಹಿಂಗ ನಿಂತಿದ್ಳರಿ. ನಾನ ನಿಂದ್ರಸಿದ್ದೆ. ಕಾಲು ಜುಮ್ ಅಂತದ ಅಂತ ಎರಡು ಸಲ ಅಂದ್ಳು. ನಾ ಇಳೀಗೊಡಲಿಲ್ಲ.”

ಅಪ್ಪ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿ ಅನಿಸಿತು.

ಚಾಚಾ ಚಿತ್ರವನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. “ಹಂಗಾದ್ರ ಮುರದಿಲ್ಲ. ಜಾಗಾ ಬಿಟ್ಟದ, ಅಷ್ಟ” ಎಂದು ಅಕ್ಕನನ್ನು ಮಲಗಿಸಿ, ಕೈಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಎಷ್ಟು ನಿಧಾನವಾಗಿ ಎಳೆಯತೊಡಗಿದರೆಂದರೆ, ಎಳೆಯುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. “ನಿಮ್ಮ ಕಲ್ಯಾಣದಿಂದ ಹುಲಸೂರಿಗಿ ಬಸ್ ಎಷ್ಟಕ್ಕದ, ಬೇಟಿ?” ಎಂದು ಕೇಳಿದರು. ಅಕ್ಕ ಅಳುತ್ತಲೇ ನೆನಪು ಮಾಡಿಕೊಳ್ಳಲು ಹೋದಳು. ಅಷ್ಟರಲ್ಲಿ ಕಟ್ ಎಂದು ಒಂದು ಸಣ್ಣ ಸದ್ದಾಯಿತು.

ಅಕ್ಕನ ಅಳು ನಡುವೆಯೇ ನಿಂತಿತು. ಆಕೆ ಕಣ್ಣರಳಿಸಿ ತನ್ನ ಭುಜವನ್ನು ನೋಡಿಕೊಂಡಳು. ಅದು ದುಂಡಗಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಬಿಚ್ಚಿದಳು. “ಅಪ್ಪ, ಬ್ಯಾನಿ ಹೋಯ್ತು” ಅಂದಳು. ಅಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಎಷ್ಟೋ ಹೊತ್ತು ಹಾಗೇ ಕೂತರು. ಟವೆಲು ತೆಗೆದಾಗ ಅವರು ನಗುತ್ತಿದ್ದರು, ಕಣ್ಣು ಒದ್ದೆಯಾಗಿದ್ದವು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಆ ಹಗುರವನ್ನು ಹೇಗೆ ಹೇಳಲಿ? ಬೆಳಗಿನಿಂದ ಎದೆಯ ಮೇಲೆ ಯಾರೋ ಇಟ್ಟಿದ್ದ ಬೀಸುಕಲ್ಲನ್ನು ಎತ್ತಿದ ಹಾಗಿತ್ತು.

ಅಪ್ಪ ನನ್ನ ಹತ್ತಿರ ಬಂದು ಕೂತರು. “ಮೊದಲನೇ ಸಲ ಅಂದಾಗೇ ಇಳಸಬೇಕಿತ್ತಪ್ಪ” ಅಂದರು. ಅಷ್ಟೇ. ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ.

ಚಾಚಿ ಅಕ್ಕನ ಕೈಯನ್ನು ಕೊರಳಿಗೆ ತೂಗು ಹಾಕಿ ಕಟ್ಟಿದರು. ನಮಗೆಲ್ಲ ಚಹಾ ಬಂತು. ಆಗ ಚಾಚಾ ನನ್ನ ವಹಿಯನ್ನು ಮತ್ತೆ ಕೈಗೆತ್ತಿಕೊಂಡು, “ಈ ಕೈ ಎಲ್ಲಿಂದ ಬಂದದ? ಭುಜದಿಂದ ಬಂದಿಲ್ಲ, ಕಿವಿಯಿಂದ ಬಂದದ” ಅಂದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಚಾಚಾ ನನ್ನ ಅಂಗೈಯನ್ನು ತಮ್ಮ ಬೆನ್ನ ಮೇಲೆ, ಭುಜದ ಹಿಂದೆ ಇಟ್ಟುಕೊಂಡು ಕೈ ಮೇಲೆತ್ತಿದರು. ಚರ್ಮದ ಕೆಳಗೆ ಅಗಲವಾದ ಎಲುಬೊಂದು ಜಾರಿ ಹೊರಳಿದ್ದು ನನ್ನ ಬೆರಳಿಗೆ ತಿಳಿಯಿತು. “ಕೈ ಎತ್ತಿದ್ರ ಬರೀ ಕೈ ಏಳೂದಿಲ್ಲ. ಹಿಂದಿನ ಈ ಹಲಗಿ ಭೀ ತಿರಗ್ತದ, ಮುಂದಿನ ಕೊರಳ ಎಲುಬು ಭೀ ಏಳ್ತದ. ಮೊದಲ ಮುಟ್ಟಿ ನೋಡು. ಆಮ್ಯಾಲ ತೆಗಿ.” ಗರಡಿಯಲ್ಲಿ ಸಾಮು ಮಾಡುತ್ತಿದ್ದ ಒಬ್ಬ ಪೈಲ್ವಾನನನ್ನು ಕರೆದು ಕೈ ಎತ್ತಿಸಿ ನಿಲ್ಲಿಸಿದರು. ನಾನು ತೆಗೆದೆ, ಅವರು ತಿದ್ದಿದರು. ಮತ್ತೆ ತೆಗೆದೆ. ನಡುನಡುವೆ ನಾನೇ ಆ ಪೈಲ್ವಾನನಿಗೆ ಕೂರಲು ಹೇಳುತ್ತಿದ್ದೆ. ಅವನಿಗೇನೂ ಆಗಿರಲಿಲ್ಲ, ನನಗೇ ಹೆದರಿಕೆ.

ಹತ್ತು ದಿನ ಬಿಟ್ಟು ಅಕ್ಕನನ್ನು ತೋರಿಸಲು ಹೋದಾಗ ಹತ್ತು ಚಿತ್ರ ಒಯ್ದೆ. ಚಾಚಾ ಮೊದಲು ಅಕ್ಕನ ಭುಜ ನೋಡಿದರು, ಆಮೇಲೆ ನನ್ನ ಚಿತ್ರ. ಮೊಣಕೈ ಸೊಂಟದ ಹತ್ತಿರ ಬರಬೇಕು, ನೀನು ತೊಡೆಯವರೆಗೆ ಇಳಿಸಿದ್ದೀಯ ಅಂದರು. ಅಂಗೈಯ ಬುಡವನ್ನು ಗದ್ದಕ್ಕೆ ಇಟ್ಟು ನೋಡು, ಬೆರಳು ಹಣೆ ಮುಟ್ಟುತ್ತವೆ, ನಿನ್ನ ಮನುಷ್ಯರಿಗೆ ಮಾತ್ರ ಯಾಕೆ ಇಷ್ಟು ಪುಟ್ಟ ಕೈ ಅಂದರು. ಮನೆಗೆ ಬಂದು ಅಪ್ಪನ ಮೊಣಕಾಲು, ಅವ್ವನ ಮಣಿಕಟ್ಟು, ತಮ್ಮನ ಬೆನ್ನು, ಯಾರದು ಸಿಕ್ಕರೆ ಅದನ್ನು ಮುಟ್ಟಿ ನೋಡಿ ತೆಗೆದೆ.

ಮೂರನೆಯ ಸಲ ಹೋದಾಗ ಕಟ್ಟು ಬಿಚ್ಚಿದರು. ಅಕ್ಕ ಕೈಯನ್ನು ನಿಧಾನವಾಗಿ ಕಿವಿಯವರೆಗೆ, ಅಲ್ಲಿಂದ ಪೂರಾ ಮೇಲಕ್ಕೆ ಎತ್ತಿದಳು. ಚಾಚಾನ ತೊಡೆಯ ಮೇಲೆ ನನ್ನ ವಹಿ ತೆರೆದಿತ್ತು. “ಈಗ ಭುಜ ಜಾಗಾದಾಗ ಅದ” ಅಂದರು. ಅಕ್ಕನದೋ, ಚಿತ್ರದ್ದೋ ಎಂದು ನಾನು ಕೇಳಲಿಲ್ಲ. ಸೋಮವಾರದ ಗಡುವು ದಾಟಿ ವಾರಗಳ ಮೇಲೆ ಡ್ರಾಯಿಂಗ್ ಮಾಸ್ತರು ಅದೇ ಚಿತ್ರ ನೋಡಿ, “ಮೈ ಬಂತು. ಇನ್ನ ಮುಖ ಕಲಿ” ಅಂದರು.

ಈಗ ನನ್ನ ಮೊಮ್ಮಕ್ಕಳು ಫೋನಿನಲ್ಲಿ ಒಂದು ಎಲುಬಿನ ಮನುಷ್ಯನನ್ನು ಇಟ್ಟುಕೊಂಡಿದ್ದಾರೆ. ಬೆರಳಿನಿಂದ ತಿರುಗಿಸಿದರೆ ಅವನು ತಿರುಗುತ್ತಾನೆ, ಬೇಕಾದ ಕೀಲನ್ನು ದೊಡ್ಡದು ಮಾಡಿ ತೋರಿಸುತ್ತಾನೆ. ಅವರು ತೆಗೆದ ಚಿತ್ರವನ್ನು ದೂರದೂರಿನ ಟೀಚರ್ ತಿದ್ದಿ ಕಳಿಸಲು ಹತ್ತು ನಿಮಿಷ ಸಾಕು. ಬಿದ್ದು ಪೆಟ್ಟಾದರೆ ಎಕ್ಸ್-ರೇ ತೆಗೆದು ಒಳಗೇನಾಗಿದೆ ಎಂದು ಡಾಕ್ಟರು ನೋಡಿ ಹೇಳುತ್ತಾರೆ. ಇವೆಲ್ಲ ನಮಗಿರಲಿಲ್ಲ. ಇವರಿಗಿವೆ ಎಂದು ನನಗೆ ನೆಮ್ಮದಿಯೇ.

ಆದರೂ ಮೊನ್ನೆ ದೊಡ್ಡ ಮೊಮ್ಮಗಳು ಫೋನು ಬದಿಗಿಟ್ಟು, “ಅಜ್ಜ, ಸ್ವಲ್ಪ ಕೂಡು, ನಿನ್ನ ಚಿತ್ರ ತೆಗೀತೀನಿ” ಅಂದಳು. ನಾನು ಕಿಟಕಿಯ ಹತ್ತಿರ ಕೂತೆ. ಬಹಳ ಹೊತ್ತು ಸೀಸಕಡ್ಡಿಯ ಸರಸರ ಸದ್ದೊಂದೇ ಇತ್ತು. ಆಮೇಲೆ ಅದು ನಿಂತಿತು. ಆಕೆ ಹಾಳೆಯಿಂದ ತಲೆ ಎತ್ತಿ ನನ್ನ ಮುಖವನ್ನೇ ನೋಡಿ, “ಅಜ್ಜ, ಸೊಂಟ ನೋಯಾಕತ್ತದೇನು?” ಎಂದು ಕೇಳಿದಳು.

ಸ್ವಲ್ಪವೂ ನೋಯುತ್ತಿರಲಿಲ್ಲ.