ಬಣವಿ ಬುಡದ ಕಸ

ಯಲಬುರ್ಗಿ ಹತ್ರ ಮಂಗಳೂರು ಅಂತ ಒಂದು ಹಳ್ಳಿ, ಅಲ್ಲಿನ ಕರಿಯವ್ವ ಅಂದ್ರ ಸಂಶೆದ ಗಂಟು. ಯಲಬುರ್ಗಿ ಸಂತ್ಯಾಗ ಉಪ್ಪು ಕೊಂಡ್ರೂ ನಾಲಿಗಿಗೆ ಹಚ್ಚಿ ನೋಡಾಕಿ. ಗಂಡ ಸತ್ತ ಮ್ಯಾಲೆ ಮಂದಿ ಆಕಿ ಹೊಲದ ಬದು ಒತ್ತಿದ್ರು, ಅದಕ್ಕ ಹಂಗಾಗಿದ್ಲು ಅನ್ನಬಹುದು. ಆದ್ರೂ ಒಬ್ಬಾಕಿ ಮ್ಯಾಲೆ ಭರವಸಿ ಇತ್ತು. ಬದುವಿನ ಆಚೆ ಹೊಲದ ಮೆಹರುನಬಿ. ಈಕಿದೊಂದು ಎತ್ತು, ಆಕಿದೊಂದು ಎತ್ತು. ಎರಡೂ ಕೂಡಿಸಿ ಒಂದ ನೊಗಕ್ಕ ಹೂಡಿ ಎರಡೂ ಹೊಲ ಮಾಡಾವ ಮೆಹರುನಬಿ ಗಂಡ ಮಕ್ಬುಲಸಾಬ. ಆ ಜೋಡಿ ಮುರಿದ್ರ ತನ್ನ ಹೊಲ ಬೀಳು ಅನ್ನೂದು ಕರಿಯವ್ವಗ ಗೊತ್ತಿತ್ತು.

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ಕಾಂಗ್ರೆಸ್ ಕಸ ಹಾದಿ ಬಿಟ್ಟು ಹೊಲ ಹೊಕ್ಕಿತ್ತು. ಬಿಳೀ ಹೂವಿಂದು, ಮುಟ್ಟಿದ್ರ ಮೈ ತುರಿಸೂದು. ಕರಿಯವ್ವ ಕಿತ್ತು ಕಿತ್ತು ಒಗದು ಸಾಕಾಗಿ, ಆ ಬ್ಯಾಸಗಿ ಆಳವಾಗಿ ನೇಗಿಲ ಹೊಡಿಸಿದ್ಲು. ಬಿರುಬಿಸಿಲಾಗ ಒಂದು ಅಡ್ಡಮಳಿ ಬಿತ್ತು. ಒಂದು ಮೊಳಿಕಿನೂ ಏಳಲಿಲ್ಲ. "ಪೀಡಾ ಹೋತು!" ಅಂತ ಹಿಗ್ಗಿದ್ಲು.

ಮುಂಗಾರಿನ ಮಿರಗದ ಮಳಿ ಬಂತು, ನೆಲ ತಂಪಾತು. ವಾರ ಕಳಿಯೂದ್ರಾಗ ಹೊಲ ತುಂಬ ಕಾಂಗ್ರೆಸ್ ಕಸ, ಹಾಸಿಗಿ ಹಾಸಿದಂಗ! ಬದುವಿನ ಆಚೆ ಮೆಹರುನಬಿ ಹೊಲದಾಗ ಅಲ್ಲೊಂದು ಇಲ್ಲೊಂದು ಅಷ್ಟ. ಕರಿಯವ್ವನ ಹೊಲ ಮೊದಲ ಮುಗಿಸಿ ತಮ್ಮದಕ್ಕ ಕೈ ಹಚ್ಚೂದ್ರಾಗ ಮಕ್ಬುಲಸಾಬ ಕಾಲು ಮುರಕೊಂಡು ಮಲಗಿದ್ದ, ಆ ಹೊಲಕ್ಕ ನೇಗಿಲ ಬಿದ್ದಿರಲಿಲ್ಲ. ಈ ಹೆಣ್ಣಿಗೆ ಅದು ತಲಿಗೆ ಹೋಗಬೇಕಲ್ಲ! ಮಳೀಗೂ ಹುಟ್ಟದ್ದು ಈಗ ಹುಟ್ಟೇತಿ ಅಂದ್ರ ನಡುವ ಯಾರೋ ಬೀಜ ಉಗ್ಗ್ಯಾರ. ಮೊನ್ನೆ ಮೆಹರುನಬಿ ಬದುವಿನ ಮ್ಯಾಲೆ ನಿಂತು ಸೆರಗು ಝಾಡಿಸಿದ್ದು ನೆನಪಾತು. ಹೊಲ ಬೀಳು ಬಿದ್ರ ಪಾಲಿಗೆ ಹಾಕ್ಕೋಬೇಕು ಅಂತ ಹೊಂಚು ಹಾಕ್ಯಾಳ, ಮತ್ತೇನು? ಕರಿಯವ್ವ ಉಣ್ಣಲಿಲ್ಲ, ನಿದ್ದಿ ಮಾಡಲಿಲ್ಲ. ಬೆಳಗಾದ ಕೂಡಲೇ ಬಾವಿಗೆ ಹೋಗಿ, ಮಕ್ಕಳ ಕಟ್ಟಿಕೊಂಡು ನೀರಿಗೆ ಬಂದಿದ್ದ ಮೆಹರುನಬಿಗೆ ನಾಲ್ಕು ಮಂದ್ಯಾಗ ಅಂದುಬಿಟ್ಲು, "ನನ್ನ ಹೊಲಕ್ಕ ಕಸದ ಬೀಜ ಹಾಕಿದಿಯಲ್ಲ, ಕಳ್ಳಿ! ನಿನ್ನ ಕೈಗೆ ಹುಳಾ ಬೀಳ!"

ಮೆಹರುನಬಿ ಕೊಡ ಅಲ್ಲೇ ಇಟ್ಟು ಮಕ್ಕಳ ಕೈ ಹಿಡಕೊಂಡು ಹೋದ್ಲು. ಆ ತಿಂಗಳೇ ಎತ್ತು ಮಾರಿದ್ರು. ಗಂಗಾವತಿ ಕಡೆ ಕಾಲುವಿ ನೀರಿನ ಗದ್ದಿ, ನಾಟಿ ಕೂಲಿ ಐತಿ ಅಂತ ಎಲ್ಲಾರೂ ಹೋದ್ರು. ಕರಿಯವ್ವನ ಒಂಟಿ ಎತ್ತು ಕೊಟ್ಟಿಗ್ಯಾಗ ನಿಂತು ಮೇಯ್ತು, ಹೊಲ ಕಸದ ಪಾಲಾತು.

ಮರುವರ್ಷ ಮೇವು ತೀರಿ ಹೊಲದಂಚಿನ ಬಣವಿ ಬರಿದಾತು. ಆ ಬಣವಿ ಜಗಳಕ್ಕೂ ಮೊದಲ ಒಟ್ಟಿದ್ದು. ಬುಡದಾಗ ಒಂದು ಹುಲ್ಲಿನ ಎಳಿ ಇರಲಿಲ್ಲ. ಇಲ್ಲಾದ್ರೂ ನಾಕು ಮೆಣಸಿನ ಗಿಡ ಹಚ್ಚೂಣಂತ ಕರಿಯವ್ವ ಗುದ್ದಲಿ ಹಿಡಿದು ಅಗದ್ಲು. ಯಾರ ಮ್ಯಾಲೂ ನಂಬಿಕಿ ಇಲ್ಲಲ್ಲ, ಸುತ್ತ ಜಾಲಿ ಮುಳ್ಳು ಬಡದು ಹಗಲೆಲ್ಲ ಕಾವಲು ಕುಂತ್ಲು. ಬಿಸಿಲಾಗ ಒಂದು ಮಳಿ ಬಂತು, ಏನೂ ಹುಟ್ಟಲಿಲ್ಲ. ಮಿರಗ ಹೊಕ್ತು, ನೆಲ ತಂಪಾತು, ಬಣವಿ ಇದ್ದಷ್ಟು ಜಾಗದಾಗ ಅದ ಕಸ ಕಿಕ್ಕಿರದು ಎದ್ದಿತು!

ಕರಿಯವ್ವ ಮುಳ್ಳಿನ ಬೇಲಿ ಸುತ್ತ ಹೆಜ್ಜಿ ಗುರುತು ಹುಡುಕಿದ್ಲು. ತನ್ನವ ಹೆಜ್ಜಿ. ಬಣವಿ ಎತ್ತಿ ಅದರ ಬುಡಕ್ಕ ಬೀಜ ಉಗ್ಗಾವ್ರು ಯಾರು? ಬೀಜ ಮೊದಲಿಂದ ಮಣ್ಣಾಗ ಇತ್ತು. ಕತ್ತಲಾಗ ಸುಮ್ಮನ ಬಿದ್ದಿತ್ತು, ಅಗದು ಬೆಳಕಿಗೆ ತಂದದ್ದು ತಾನು. ಕಾದ ನೆಲದಾಗ ಏಳದ್ದು ತಂಪಿಗೆ ಎದ್ದೇತಿ. ಹೋದ ವರ್ಷ ನೇಗಿಲ ಹೊಡಿಸಿದಾಗ ಆಗಿದ್ದೂ ಇದ. "ಅಯ್ಯ ಶಿವನ, ಎಂಥಾ ಕೆಲಸ ಮಾಡಿದ್ನೆವ್ವಾ!" ಅಂತ ಅಲ್ಲೇ ಕುಂತು ಅತ್ತಳು.

ಮರುದಿನ ಬಸ್ಸು ಹತ್ತಿ ಗಂಗಾವತಿಗೆ ಹೋಗಿ, ಕೇಳಿಕೊಂತ ಕೇಳಿಕೊಂತ ಕಾಲುವಿ ದಂಡಿಯ ಗುಡಿಸಲು ಮುಟ್ಟಿದ್ಲು. "ಮೆಹರೂ, ಕಸ ನನ್ನ ಮಣ್ಣಾಗ ಇತ್ತವಾ. ನಂದ ತಪ್ಪು. ಊರಿಗೆ ನಡಿ."

ಮೆಹರುನಬಿ ಚಾ ಕಾಸಿ ಕೊಟ್ಲು. "ನೀ ಬಂದದ್ದು ಛಲೋ ಆತಕ್ಕಾ. ನನಗ ಸಿಟ್ಟಿಲ್ಲ. ಆದ್ರ ನನ್ನ ಮಕ್ಕಳು ಇನ್ನೂ ಕೇಳತಾವ, ಅಮ್ಮಾ, ನೀ ಖರೇನ ಹಾಕಿದ್ದೇನು ಅಂತ."

"ಕರಿ ಅವನ್ನ, ನಾನ ಹೇಳತೀನಿ" ಅಂದ್ಲು ಕರಿಯವ್ವ. ಬಂದು ನಿಂತ ಮಕ್ಕಳ ಮುಂದ ಎಲ್ಲಾ ಬಿಡಿಸಿ ಹೇಳಿದ್ಲು, ಕೈ ಮುಗದ್ಲು. ಹಿರೇ ಹುಡುಗಿ ಕಡೀತನಕ ಕೇಳಿ, ತಾಯಿ ಮಾರಿ ನೋಡಿದ್ಲು.

"ಅಮ್ಮಾ, ಹಿಂಗ ಹೇಳಂತ ಇವರಿಗೆ ನೀನ ಹೇಳಿ ಕರಸಿದೇನು?"